ತೋಟದ ಮಂಗಟ್ಟೆ ಬಿಟ್ಟು ಕಡಲಿಗೆ ಹೊರಟಿದ್ದೀನಿ: ಸೀಲ್, ಕಡಲಹಕ್ಕಿ ಫೋಟೋ ತೆಗೆಯೋದು ಹೇಗೆ?

ತೋಟದಮನೆ (ಗೋಣಿಕೊಪ್ಪ), ಸೆಪ್ಟೆಂಬರ್ 14
ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರ ನಾನೂ ನನ್ನ ಹೆಂಡ್ತಿಯೂ ಮಗಳ ಮನೆಗೆ ಇಂಗ್ಲೆಂಡಿಗೆ ಹೋಗ್ತಿದ್ದೀವಿ. ಅವಳಿರೋದು ಲಿಂಕನ್‌ಶೈರ್‌ನಲ್ಲಿ. ಅಲ್ಲಿ ಡೋನಾ ನೂಕ್ ಅಂತ ಒಂದು ಕಡಲತೀರ ಇದೆಯಂತೆ, ಸೀಲ್ ಅನ್ನೋ ಕಡಲಪ್ರಾಣಿಗಳು ಬಂದು ಮರಿ ಹಾಕ್ತವಂತೆ. ವಿಡಿಯೋ ಕಳಿಸಿದಾಳೆ, ನೋಡಿದಾಗಿನಿಂದ ನಿದ್ದೆ ಇಲ್ಲ.

ನಾನು ಹದಿನೈದು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೀನಿ. ಆದ್ರೆ ಎಲ್ಲಾ ತೋಟದೊಳಗೇ. ಮಂಗಟ್ಟೆ, ಮರಕುಟಿಗ, ಕೆಂದಳಿಲು, ಒಂದೆರಡು ಸಲ ಆನೆ (ನಾನು ಆನೆ ನೋಡಿದ್ದಕ್ಕಿಂತ ಆನೆ ನನ್ನ ನೋಡಿದ್ದೇ ಜಾಸ್ತಿ). ಕಡಲು ಅಂದ್ರೆ ನನಗೆ ಗೊತ್ತಿರೋದು ಸಂತೆಗೆ ಬರೋ ಮತ್ತಿ ಮೀನು ಅಷ್ಟೇ.

ಕೈ ಪಳಗಲಿ ಅಂತ ಹೋದ ಭಾನುವಾರ ಮಾಕುಟ್ಟ ಘಾಟಿ ಇಳಿದು ಮುಳಪ್ಪಿಲಂಗಾಡ್ ಬೀಚಿಗೆ ಹೋದೆ. ಮರಳಿನ ಬಣ್ಣದ ಸಣ್ಣ ಹಕ್ಕಿಗಳು ಅಲೆ ಹಿಂದೆ ಹಿಂದೆ ಓಡ್ತಿದ್ದವು. ಸಂಜೆ ನಾಲ್ಕರಿಂದ ಆರರವರೆಗೆ 312 ಫೋಟೋ ತೆಗೆದೆ. ಇಟ್ಟುಕೊಳ್ಳೋ ಹಾಗಿರೋದು ಎರಡು. ಅದರಲ್ಲೂ ಒಂದು ಕಾಗೆ. ಮಿಕ್ಕಿದ್ದೆಲ್ಲ ಹಕ್ಕಿ ಕಪ್ಪು, ಮರಳು ಬಿಳಿ, ಇಲ್ಲಾಂದ್ರೆ ಹಕ್ಕಿಯ ಬೆನ್ನು. ಮನೆಗೆ ಬಂದು ನೋಡಿದ್ರೆ ಲೆನ್ಸ್ ಮೇಲೆ ಉಪ್ಪು, ಪಂಚೆಯಲ್ಲಿ ಒರೆಸಿದೆ.

ನನ್ನ ಹತ್ರ ಇರೋದು ದೂರದ್ದನ್ನ ಹತ್ತಿರ ತೋರಿಸೋ 150-600 ಎಂಎಂ ಲೆನ್ಸ್. ಸೀಲಿಗೆ ಸಾಕಾ? ಎಷ್ಟು ಹತ್ತಿರ ಹೋಗಬಹುದು? ಹೊರಡೋಕೆ ಮುಂಚೆ ಇಲ್ಲಿ ಎಲ್ಲಿ ಹೋಗಿ ಕಲಿಯಲಿ?

ಅರೇಬಿಕಾಸಂಕಟ (ಮಾದಾಪುರ)
ನವೆಂಬರಲ್ಲಿ ತೋಟ ಬಿಟ್ಟು ಇಂಗ್ಲೆಂಡು! ನಮಗೆ ಆಗ ಹಣ್ಣು ಕೊಯ್ಯೋಕೆ ಆಳಿಲ್ಲ ಅಂತ ಕಣ್ಣಲ್ಲಿ ನೀರು.

ತೋಟದಮನೆ
ನಂದು ರೋಬಸ್ಟಾ ಅಣ್ಣ, ಕೊಯ್ಲು ಜನವರಿಗೆ. ಅದಕ್ಕೇ ಮಗಳು ನವೆಂಬರ್ ಆರಿಸಿದ್ದು.

ಫ್ಲ್ಯಾಶ್‌ಕಿಟ್ಟಿ (ಕುಶಾಲನಗರ)
ಪಂಚೆಯಲ್ಲಿ ಒರೆಸಿದ್ರಾ!!! ಸಾರ್, ಉಪ್ಪಿನ ಜೊತೆ ಮರಳಿನ ಪುಡಿಯೂ ಇರುತ್ತೆ. ಒಣಗಿದ್ದನ್ನ ಉಜ್ಜಿದ್ರೆ ಗಾಜಿಗೆ ಗೀರು ಗ್ಯಾರಂಟಿ. ಮೊದಲು ಬ್ಲೋವರಲ್ಲಿ ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ, ಆಮೇಲೆ ಒಣಬಟ್ಟೆ. ಟ್ರೈಪಾಡ್ ಕಾಲನ್ನಂತೂ ಮನೆಗೆ ಬಂದ ದಿನವೇ ತೊಳೀರಿ, ಇಲ್ಲಾಂದ್ರೆ ಆ ಸ್ಕ್ರೂ ಮತ್ತೆ ಬಿಚ್ಚಲ್ಲ. ಬೀಚಲ್ಲಿ ನಿಂತು ಲೆನ್ಸ್ ಬದಲಾಯಿಸೋ ಕೆಲಸ ಬೇಡವೇ ಬೇಡ.

ಹಕ್ಕಿ ಕಪ್ಪಾಗಿದ್ದಕ್ಕೆ ಕಾರಣ ಮೀಟರಿಂಗ್. ಒದ್ದೆ ಮರಳು, ಆಕಾಶ ಎಲ್ಲಾ ಹೊಳೀತಿರುತ್ತಲ್ಲ, ಕ್ಯಾಮೆರಾ ಅದನ್ನ ನೋಡಿ ಒಟ್ಟು ಬೆಳಕನ್ನೇ ಇಳಿಸಿಬಿಡುತ್ತೆ. ಎಕ್ಸ್‌ಪೋಷರ್ (ಫೋಟೋದ ಬೆಳಕು) ಏರಿಸೋಕೆ ಪ್ಲಸ್ 1 ಕೊಡಿ. ಹಾರೋ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಬಿಡಿ.

ದಕ್ಕೆಯಕ್ಕ (ಉಳ್ಳಾಲ)
ಮೀಟರಿಂಗ್ ಎಲ್ಲ ಆಮೇಲೆ ಮಾರಾಯ್ರೆ. ಅವರು ಹೋದದ್ದು ಸಂಜೆ! ನಮ್ಮ ಕಡಲು ಇರುವುದು ಪಡುವಲು ದಿಕ್ಕಿಗೆ. ಸಂಜೆ ಕಡಲಿಗೆ ಮುಖ ಮಾಡಿ ನಿಂತರೆ ಸೂರ್ಯ ಸೀದಾ ಕ್ಯಾಮೆರಾಕ್ಕೆ ಹೊಡೀತಾನೆ, ಹಕ್ಕಿ ಕಪ್ಪಾಗದೆ ಇನ್ನೆಂತ ಆಗ್ತದೆ? ಬೆಳಿಗ್ಗೆ ಆರೂವರೆಯಿಂದ ಒಂಬತ್ತರ ಒಳಗೆ ಹೋಗಿ. ಬೆಳಕು ನಿಮ್ಮ ಬೆನ್ನಿಂದ ಬಂದು ಹಕ್ಕಿ ಮೇಲೆ ಬೀಳ್ತದೆ.

ಎರಡನೆಯದು, ಉಬ್ಬರ-ಇಳಿತ ನೋಡದೆ ಹೋಗಬೇಡಿ. ಇಳಿತದಲ್ಲಿ ಹಕ್ಕಿಗಳು ದೂರ ದೂರ ಚದುರಿ ಮೇಯ್ತಾ ಇರ್ತವೆ. ನೀರು ಏರಿದ ಹಾಗೆ ಅವಕ್ಕೆ ಜಾಗ ಕಡಿಮೆ ಆಗಿ ಎಲ್ಲ ಒಂದೇ ಕಡೆ ಸೇರ್ತವೆ, ನೀವಿರುವ ಕಡೆಗೇ ಬರ್ತವೆ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಜೋರು. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಇವತ್ತಿನ ಲೆಕ್ಕ ನಾಳೆಗೆ ನಡೆಯುವುದಿಲ್ಲ.

ಜಾಗ ಅಂದ್ರೆ ಅಳಿವೆಗಳು. ಹೊಳೆ ಕಡಲಿಗೆ ಸೇರುವ ಕಡೆ ಕೆಸರು, ಮರಳುದಿಣ್ಣೆ ಎರಡೂ ಉಂಟು. ನಿಮಗೆ ಮಡಿಕೇರಿ ಮೇಲೆ ಬಂದ್ರೆ ತಣ್ಣೀರುಬಾವಿ, ಬೆಂಗ್ರೆ ಹತ್ತಿರ. ಸ್ವಲ್ಪ ಮುಂದೆ ಹೋದ್ರೆ ಸಸಿಹಿತ್ಲು, ಅಲ್ಲಿ ಶಾಂಭವಿ, ನಂದಿನಿ ಎರಡೂ ಸೇರ್ತವೆ. ಕಡಲಕಾಗೆಗಳು (ಗಲ್) ಬೇಕಾದ್ರೆ ಈಗ ಬರಬೇಡಿ, ಅಕ್ಟೋಬರ್ ಕೊನೆ ಆಗಲಿ. ಕಂದು ತಲೆಯ ಗಲ್‌ಗಳು ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವುದು. ಇಲ್ಲಿರುವಾಗ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಹೆಸರು ನಂಬಿ ಕಂದು ತಲೆ ಹುಡುಕಬೇಡಿ ಆಯ್ತಾ.

ಬರಪೊಳೆ (ಬಿರುನಾಣಿ)
ಕಾರು ಓಡಿಸೋ ಬೀಚಿಗೆ ಹಕ್ಕಿ ನೋಡೋಕೆ ಹೋಗಿದ್ದೀರಲ್ಲ ಮಾವ, ನಗು ಬಂತು. ಕಣ್ಣೂರಿನವರೆಗೆ ಇಳಿದ ಮೇಲೆ ಕಾಟ್ಟಾಂಬಳ್ಳಿ ಗದ್ದೆ ಕಡೆ ಹೋಗಬೇಕಿತ್ತು. ನಮ್ಮ ಬರಪೊಳೆ ನೀರು ಕೊನೆಗೆ ಸೇರೋದು ವಳಪಟ್ಟಣಂ ಹೊಳೆಗೇ. ಒಂದು ಲೆಕ್ಕದಲ್ಲಿ ಅದು ನಮ್ಮದೇ ಕಡಲು.

ಹಾಕಿಕೋಲು (ಪೊನ್ನಂಪೇಟೆ)
ಬರಪೊಳೆ, ನಗಬೇಡ. ಕಾರೇ ಒಳ್ಳೇ ಮರೆ. ಮನುಷ್ಯ ಎರಡು ಕಾಲಲ್ಲಿ ನಿಂತರೆ 60 ಮೀಟರ್‌ಗೇ ಹಾರೋ ಹಕ್ಕಿ, ಕಾರು 15 ಮೀಟರ್‌ಗೆ ಬಂದ್ರೂ ತಲೆ ಎತ್ತಲ್ಲ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ, ಅಕ್ಕಿ ತುಂಬಿದ ಚೀಲ ಕಿಟಕಿ ಮೇಲಿಟ್ಟು ಅದರ ಮೇಲೆ ಲೆನ್ಸ್ ಇಡೋದು. ಬಾಗಿಲು ತೆಗೆದ್ರೆ ಆಟ ಮುಗೀತು.

ಗುರುಕ್ಲಿಕ್ಸ್ (ಬೆಂಗಳೂರು, ಊರು ಸಿದ್ದಾಪುರ)
ಇಷ್ಟೆಲ್ಲಾ ಕಷ್ಟ ಯಾಕೆ ಗುರು? ಒಂದು ಪ್ಯಾಕೆಟ್ ಮಿಕ್ಸ್ಚರ್ ಎಸೆದ್ರೆ ಗಲ್‌ಗಳು ತಲೆ ಮೇಲೇ ಬರ್ತವೆ. ಇಲ್ಲಾಂದ್ರೆ ಜೊತೆಗಿರೋ ಹುಡುಗನ್ನ ಗುಂಪಿನ ಕಡೆ ಓಡಿಸಿ, ಎಲ್ಲಾ ಒಟ್ಟಿಗೆ ಏಳ್ತವೆ. ನನಗೆ ಆ ಫೋಟೋಗೆ 900 ಲೈಕ್ ಬಂದಿತ್ತು.

ದಕ್ಕೆಯಕ್ಕ
ನಿಮ್ಮಂಥವರನ್ನು ನೋಡಿ ನೋಡಿ ಸಾಕಾಗಿದೆ. ಹೋದ ಜನವರಿ ತಣ್ಣೀರುಬಾವಿಯಲ್ಲಿ ನಾನು ಹೊಟ್ಟೆ ಮೇಲೆ ಮಲಗಿ 40 ನಿಮಿಷ ಆಗಿತ್ತು. ಸ್ಯಾಂಡ್ ಪ್ಲವರ್‌ಗಳು (ದಡದ ಸಣ್ಣ ಹಕ್ಕಿಗಳು) ಮೊದಲು ದೂರ, ಆಮೇಲೆ ಹತ್ತಿರ, ಕೊನೆಗೆ ಒಂದು ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಒಂಟಿ ಕಾಲಲ್ಲಿ ನಿದ್ದೆಗೆ ಇಳಿದಿತ್ತು. ಕಣ್ಣು ಮುಚ್ಚುವಾಗ ರೆಪ್ಪೆ ಕೆಳಗಿನಿಂದ ಮೇಲೆ ಬರ್ತದೆ, ಅದು ಕಾಣ್ತಿತ್ತು. ಆಗ ಯಾರೋ ಒಬ್ಬ, ನಿಮ್ಮ ಹಾಗೆಯೇ ದೊಡ್ಡ ಕ್ಯಾಮೆರಾದವ, ಚಪ್ಪಾಳೆ ಹೊಡೆದುಕೊಂಡು ಓಡಿ ಬಂದ. ಎಲ್ಲ ಹೋಯ್ತು. ಅವನಿಗೆ ಒಂದು ಫೋಟೋ ಸಿಕ್ಕಿರಬೇಕು, ನನಗೆ ಮೈ ತುಂಬ ಮರಳು ಮತ್ತು ಕೆಟ್ಟ ಬಾಯಿ.

ಗುರುಕ್ಲಿಕ್ಸ್
ಹಕ್ಕಿಗೆ ರೆಕ್ಕೆ ಇರೋದೇ ಹಾರೋಕೆ ಅಲ್ವಾ ಅಕ್ಕ? ಒಂದು ಸಲ ಹಾರಿದ್ರೆ ಏನಾಗುತ್ತೆ?

ನಾಗರಹೊಳೆಅಂಚು (ಕುಟ್ಟ)
ಒಂದು ಸಲ ಅಲ್ಲ ತಮ್ಮ. ನೀನು ಹೋದ ಮೇಲೆ ಇನ್ನೊಬ್ಬ, ಆಮೇಲೆ ನಾಯಿ, ಆಮೇಲೆ ಕುದುರೆ ಸವಾರಿಯವ. 2022ರಲ್ಲಿ ಒಂದು ಗಾಡ್‌ವಿಟ್ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ 11 ದಿನದಲ್ಲಿ ಹಾರಿತ್ತು, ಗೊತ್ತಾ? ಹೊರಡೋ ಮುಂಚೆ ಮೈಯಲ್ಲಿ ಸೇರಿಸಿಟ್ಟ ಕೊಬ್ಬೇ ಅದಕ್ಕೆ ಪೆಟ್ರೋಲು. ಇಲ್ಲಿ ಬರೋ ಸಣ್ಣವೂ ಅದೇ ಲೆಕ್ಕ, ಮಾರ್ಚ್, ಏಪ್ರಿಲಿಗೆ ವಾಪಸ್ ಹಿಮಾಲಯ ದಾಟಬೇಕು. ತಿನ್ನೋ ಹೊತ್ತಲ್ಲಿ ಎಬ್ಬಿಸಿ ಎಬ್ಬಿಸಿ ಓಡಿಸಿದ್ರೆ ಟ್ಯಾಂಕ್ ತುಂಬೋದು ಯಾವಾಗ?

ನಮ್ಮೂರಲ್ಲಿ ಇದೇ ಗುರುಕ್ಲಿಕ್ಸ್ ಆನೆ ಕಂಡ್ರೆ ಅರ್ಧ ಕಿಲೋಮೀಟರ್ ದೂರದಲ್ಲೇ ಜೀಪ್ ರಿವರ್ಸ್ ತೆಗೀತಾನೆ. ಪ್ರಾಣಿಗೆ ಮರ್ಯಾದೆ ಅಂತಲ್ಲ, ತುಳಿಯುತ್ತೆ ಅಂತ. ತುಳಿಯದ ಪ್ರಾಣಿ ಸಿಕ್ಕಿದ್ರೆ ಕೈಯಲ್ಲಿ ಮಿಕ್ಸ್ಚರ್.

ಗುರುಕ್ಲಿಕ್ಸ್
ಆಯ್ತು ಬಿಡಿ, ಎಲ್ಲರೂ ಸೇರಿ ಹೊಡೀಬೇಡಿ. ಮಿಕ್ಸ್ಚರ್ ವಾಪಸ್ ತಗೊಂಡೆ, ನಾನೇ ತಿಂತೀನಿ.

ಮಾಸ್ತರು (ಸೋಮವಾರಪೇಟೆ)
ವಿಷಯ ಸ್ವಲ್ಪ ಬದಲಿಸುತ್ತೇನೆ. ಸೀಲ್‌ಗೆ ಕನ್ನಡದಲ್ಲಿ ಏನನ್ನುತ್ತೀರಿ? ಹಳೆಯ ಪಾಠದಲ್ಲಿ ‘ನೀರುನಾಯಿ’ ಎಂದು ಓದಿದ ನೆನಪು. ಆದರೆ ನಮ್ಮ ಹೊಳೆಬದಿಯವರು ನೀರುನಾಯಿ ಎನ್ನುವುದು ಆಟರ್‌ಗೆ. ಎರಡಕ್ಕೂ ಒಂದೇ ಹೆಸರಾದರೆ ಮಕ್ಕಳಿಗೆ ಹೇಗೆ ಹೇಳುವುದು?

ಬರಪೊಳೆ
ನೀರುನಾಯಿ ಅಂದ್ರೆ ಆಟರೇ ಸಾರ್, ಅದನ್ನ ಬಿಟ್ಟುಕೊಡೋ ಪ್ರಶ್ನೆಯೇ ಇಲ್ಲ. ನಮ್ಮ ತೋಟದ ತೋಡಲ್ಲಿ ಸಣ್ಣ ಜಾತಿಯದು ಇದೆ, ಬೆರಳಿಗೆ ಉಗುರು ಇದೆಯೋ ಇಲ್ಲವೋ ಅನ್ನೋ ಹಾಗೆ. ರಾತ್ರಿ ಬಂದು ಏಡಿ ತಿಂದು ಕಲ್ಲಿನ ಮೇಲೆ ಹಿಕ್ಕೆ ಹಾಕಿ ಹೋಗುತ್ತೆ, ಹಿಕ್ಕೆ ತುಂಬ ಏಡಿ ಚಿಪ್ಪಿನ ಚೂರು. ಎಂಟು ವರ್ಷದಲ್ಲಿ ಹಿಕ್ಕೆಯ ಫೋಟೋ 40 ಇದೆ, ಪ್ರಾಣಿಯದು ಒಂದೂ ಇಲ್ಲ. ಕಾವೇರಿಯಲ್ಲಿ ಗುಂಪು ಗುಂಪಾಗಿ ಈಜೋದು ಇನ್ನೊಂದು ಜಾತಿ, ದೊಡ್ಡದು, ನುಣ್ಣನೆ ತುಪ್ಪಳದ್ದು.

ಹಾಕಿಕೋಲು
ಸೀಲ್‌ಗೆ ಕಡಲನಾಯಿ ಅನ್ನಿ, ಮುಗೀತು. ನಮ್ಮ ಚಿಕ್ಕಪ್ಪ ರಾಮೇಶ್ವರದಲ್ಲಿ ದೋಣಿಯಿಂದ ಒಂದು ನೋಡಿದ್ರಂತೆ.

ದಕ್ಕೆಯಕ್ಕ
ರಾಮೇಶ್ವರದಲ್ಲಿ ಸೀಲ್ ಎಲ್ಲಿಂದ ಬರಬೇಕು? ನಮ್ಮ ದೇಶದ ಕಡಲಲ್ಲಿ ಸೀಲ್ ವಾಸ ಇಲ್ಲ. ನಿಮ್ಮ ಚಿಕ್ಕಪ್ಪ ನೋಡಿದ್ದು ಡುಗಾಂಗ್ ಇರಬೇಕು, ಕಡಲಹಸು. ಅದು ಹುಲ್ಲು ತಿನ್ನುವುದು, ದಡಕ್ಕೆ ಬರುವುದೇ ಇಲ್ಲ. ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಜಾಗವನ್ನು 2022ರಲ್ಲಿ ಅದಕ್ಕೇ ಅಂತ ಮೀಸಲು ಮಾಡಿದ್ದಾರೆ. ಚಿಕ್ಕಪ್ಪ ಪುಣ್ಯವಂತರು, ನನಗೆ ಇನ್ನೂ ಕಂಡಿಲ್ಲ.

ನಾಪೋಕ್ಲುನರ್ಸ್ (ಗ್ರಿಮ್ಸ್‌ಬಿ)
ಅಯ್ಯೋ ದೇವ್ರೇ, ಡೋನಾ ನೂಕ್ ನಮ್ಮ ಮನೆಯಿಂದ ಒಂದು ಗಂಟೆಯೂ ಇಲ್ಲ! ನಾಪೋಕ್ಲು ಬಿಟ್ಟು ಒಂಬತ್ತು ವರ್ಷ ಆಯ್ತು, ಪ್ರತಿ ವರ್ಷ ಹೋಗ್ತೀನಿ. ಅಣ್ಣ, ನಾನು ಹೇಳ್ತೀನಿ ಕೇಳಿ.

ಅಲ್ಲಿ ಬರೋದು ಗ್ರೇ ಸೀಲ್. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ವರ್ಷಕ್ಕೆ ಎರಡು ಸಾವಿರದ ಮೇಲೆ ಮರಿ ಹುಟ್ಟುತ್ತವೆ. ಹುಟ್ಟಿದಾಗ 14 ಕೆಜಿ ಆಸುಪಾಸು, ಬಿಳಿ ಉಣ್ಣೆ ಹೊದ್ದ ಹಾಗೆ. ತಾಯಿ ಹಾಲಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಮೂರು ವಾರಕ್ಕೆ ಮರಿ ಮೂರು ಪಟ್ಟು ದಪ್ಪ ಆಗುತ್ತೆ, ಅಷ್ಟೂ ದಿನ ತಾಯಿ ಏನೂ ತಿನ್ನಲ್ಲ. ಆಮೇಲೆ ಒಂದಿನ ಮರಿಯನ್ನ ಅಲ್ಲೇ ಬಿಟ್ಟು ಕಡಲಿಗೆ ಹೋಗಿಬಿಡುತ್ತೆ. ಮೊದಲ ಸಲ ನೋಡಿದಾಗ ನಾನು ಅತ್ತಿದ್ದೆ. ಪಕ್ಕದಲ್ಲಿದ್ದ ಸ್ವಯಂಸೇವಕಿ ಅಜ್ಜಿ, ಅದು ಅವುಗಳ ಕ್ರಮ, ಮರಿ ಬಿಳಿ ಕೂದಲು ಉದುರಿಸಿ ತಾನೇ ಕಡಲಿಗೆ ಇಳಿಯುತ್ತೆ ಅಂದ್ರು.

ಹತ್ತಿರ ಹೋಗೋ ಪ್ರಶ್ನೆಯೇ ಇಲ್ಲ. ಮರಳುದಿಬ್ಬದ ಬುಡದಲ್ಲಿ ಬೇಲಿ ಹಾಕಿದ್ದಾರೆ, ಈಚೆ ನಾವು ಆಚೆ ಅವು. ಮೊದಲೆಲ್ಲ ಕೆಲವು ಫೋಟೋದವರು ಬೇಲಿ ಬಿಟ್ಟು ನೀರಿನ ಅಂಚಿನವರೆಗೆ ನಡೆದು ಹೋಗ್ತಿದ್ರು. ತಾಯಿ ಹೆದರಿ ನೀರಿಗೆ ಹೋದ್ರೆ ಮರಿ ಹಾಲಿಲ್ಲದೆ ಉಳಿಯುತ್ತೆ. ತಮಾಷೆ ಅಂದ್ರೆ ಆ ಮರಳು ವಾಯುಸೇನೆಯ ಬಾಂಬ್ ಅಭ್ಯಾಸದ ಜಾಗ. ನೆತ್ತಿ ಮೇಲೆ ಯುದ್ಧವಿಮಾನ ಗುಡುಗಿಕೊಂಡು ಹೋದ್ರೂ ಸೀಲ್ ಕಣ್ಣು ಬಿಡಲ್ಲ. ಮನುಷ್ಯ ನಡೆದು ಬಂದ್ರೆ ಮಾತ್ರ ತಲೆ ಎತ್ತುತ್ತೆ. ಸೀಲ್ ತಲೆ ಎತ್ತಿ ನಿಮ್ಮನ್ನೇ ನೋಡ್ತಿದೆ ಅಂದ್ರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತಲೇ ಲೆಕ್ಕ.

ಕಚ್ಚಿದ್ರೆ ಗಾಯ ಬೇಗ ವಾಸಿಯಾಗಲ್ಲ, ಬೆರಳು ಊದಿಕೊಳ್ಳೋ ಒಂದು ಸೋಂಕಿಗೆ ಸೀಲ್ ಫಿಂಗರ್ ಅಂತಲೇ ಹೆಸರಿದೆ. ನರ್ಸ್ ಆಗಿ ಹೇಳ್ತಿದ್ದೀನಿ.

ಇಲ್ಲಿ ಕಡಲು ಪೂರ್ವಕ್ಕೆ, ಊರಿನ ತದ್ವಿರುದ್ಧ. ಮಧ್ಯಾಹ್ನದ ಬೆಳಕು ಚೆನ್ನ, ಆದ್ರೆ ನಾಲ್ಕಕ್ಕೆಲ್ಲ ಕತ್ತಲು. ವಾರದ ಮಧ್ಯ ಬನ್ನಿ, ಶನಿವಾರ ಭಾನುವಾರ ಆ ಹಳ್ಳಿದಾರಿಯಲ್ಲಿ ಕಾರುಗಳ ಸಾಲು. ಆಮೇಲೆ ಒಂದು ಮಾತು, ಸಣ್ಣ ಲೆನ್ಸೂ ತನ್ನಿ.

ಫ್ಲ್ಯಾಶ್‌ಕಿಟ್ಟಿ
ಸಣ್ಣ ಲೆನ್ಸ್ ಯಾಕೆ ಮೇಡಂ, ಬೇಲಿ ಹಿಂದಿಂದ ತೆಗೆಯೋಕೆ 600 ಸಾಲದೇ ಬರುತ್ತೆ. ನಾನಾಗಿದ್ರೆ 1.4 ಕನ್ವರ್ಟರ್ (ಲೆನ್ಸಿನ ಅಳತೆ 1.4 ಪಟ್ಟು ಹೆಚ್ಚಿಸೋ ತುಂಡು) ಹಾಕ್ಕೊಂಡು ಹೋಗ್ತಿದ್ದೆ. ಸಾರ್, ಬೇಕಿದ್ರೆ ನನ್ನದೇ ಕೊಡ್ತೀನಿ.

ಬಿಳಿ ಮರಿಗೆ ಮಾತ್ರ ಬೀಚಿನ ಲೆಕ್ಕ ಉಲ್ಟಾ ಮಾಡಿ. ಸುತ್ತ ಕಪ್ಪು ಕೆಸರು, ನಡುವೆ ಬಿಳಿ. ನಾಟಿ ಟೈಮಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ತೆಗೆದಿದ್ದೀರಲ್ಲ, ಅದೇ. ಮೈನಸ್ ಕೊಡದಿದ್ರೆ ರೋಮ ಎಲ್ಲ ಸುಣ್ಣ ಬಳಿದ ಹಾಗೆ ಕಾಣುತ್ತೆ.

ತೋಟದಮನೆ
ಬೆಳ್ಳಕ್ಕಿ ಲೆಕ್ಕ ಅರ್ಥ ಆಯ್ತು! ಕನ್ವರ್ಟರ್‌ಗೆ ಸಂತೆಗೆ ಬಂದಾಗ ಸಿಗ್ತೀನಿ. ನರ್ಸಮ್ಮ, ನಿಮಗೆ ಊರಿಂದ ಏನು ತರಲಿ?

ನಾಪೋಕ್ಲುನರ್ಸ್
ಕಾಚಂಪುಳಿ ಅಣ್ಣ!! ಒಂದು ಸಣ್ಣ ಬಾಟ್ಲಿ. ಇಲ್ಲಿ ಹಂದಿ ಸಿಗುತ್ತೆ, ಕಾಳುಮೆಣಸು ಸಿಗುತ್ತೆ, ಹುಳಿ ಇಲ್ಲದೆ ಪಂದಿಕರಿ ಅಂತ ಹೇಳೋಕೆ ನಾಚಿಕೆ ಆಗುತ್ತೆ.

ಅರೇಬಿಕಾಸಂಕಟ
ಬಾಟ್ಲಿಯನ್ನ ಮೂರು ಪ್ಲಾಸ್ಟಿಕ್‌ನಲ್ಲಿ ಸುತ್ತಿ. ನಮ್ಮ ಅತ್ತಿಗೆಯ ಸೂಟ್‌ಕೇಸಲ್ಲಿ ಒಡೆದು ಹೊಸ ಸೀರೆಗಳೆಲ್ಲ ಕಪ್ಪು. ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿ ಮಾತ್ರ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕೋ ಹಾಗಿಲ್ಲ.

ಮಾಸ್ತರು
ಕಾರವಾರದ ಕಡೆ ಕಡಲಹಕ್ಕಿ ಚೆನ್ನಾಗಿರುತ್ತವೆ ಎಂದು ಕೇಳಿದ್ದೇನೆ. ಯಾರಾದರೂ ಹೋಗಿದ್ದೀರಾ?

ಹಾಕಿಕೋಲು
ಹೋಗಿದ್ದೀನಿ ಮಾಸ್ತರೇ. ಕಾಳಿ ಅಳಿವೆಯಲ್ಲಿ ಗೂನುಬೆನ್ನಿನ ಡಾಲ್ಫಿನ್ ಕೂಡ ಕಾಣ್ತು. ಆದ್ರೆ ಅಲ್ಲಿ ‘ಸೀಬರ್ಡ್’ ಫೋಟೋ ತೆಗೆಯೋಕೆ ಹೋಗ್ತೀನಿ ಅಂತ ಆಟೋದವನಿಗೆ ಹೇಳಬೇಡಿ. ನೌಕಾನೆಲೆ ಯೋಜನೆಯ ಹೆಸರೇ ಸೀಬರ್ಡ್! ದೊಡ್ಡ ಲೆನ್ಸ್ ನೋಡಿ ಅವನು ನನ್ನನ್ನ ಮೇಲಿಂದ ಕೆಳಗೆ ನೋಡಿದ, ನಾನು ಮೊಬೈಲಲ್ಲಿ ಬಿಳಿಹೊಟ್ಟೆಯ ಕಡಲಹದ್ದಿನ ಚಿತ್ರ ತೋರಿಸಿದ ಮೇಲೆ ಆಟೋ ಸ್ಟಾರ್ಟ್ ಮಾಡಿದ. ಆ ಹದ್ದು ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುತ್ತೆ.

ಮಾಸ್ತರು
ಇನ್ನೊಂದು. ಕೆಲವು ವರ್ಷದ ಹಿಂದೆ ಜುಲೈ ಮಳೆಯಲ್ಲಿ ನಮ್ಮ ಶಾಲೆಯ ಹಿಂದೆ ಒಂದು ಹಕ್ಕಿ ಬಿದ್ದಿತ್ತು. ಮೇಲೆ ಕಪ್ಪು, ಕೆಳಗೆ ಬಿಳಿ, ಉದ್ದ ಚೂಪು ರೆಕ್ಕೆ, ಕವಲು ಬಾಲ. ಎಂಟನೇ ತರಗತಿಯ ಹುಡುಗರು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಾದರು, ಮರುದಿನ ಸತ್ತಿತು. ಯಾವುದು ಎಂದು ಇವತ್ತಿಗೂ ತಿಳಿಯದು.

ದಕ್ಕೆಯಕ್ಕ
ಹಣೆ ಬಿಳಿ ಇತ್ತಾ ಸಾರ್? ಇದ್ದರೆ ಸೂಟಿ ಟರ್ನ್ ಅಥವಾ ಬ್ರೈಡಲ್ಡ್ ಟರ್ನ್ ಇರಬಹುದು. ನಡುಗಡಲಿನ ಹಕ್ಕಿಗಳು. ಮುಂಗಾರಿನ ಗಾಳಿಗೆ ಸುಸ್ತಾಗಿ ದಡಕ್ಕೆ ಬೀಳ್ತವೆ, ಕೆಲವು ಘಟ್ಟದವರೆಗೂ ಹಾರಿ ಬರ್ತವೆ.

ಮಾಸ್ತರು
ಹಣೆ ಬಿಳಿಯೇ. ನಾಳೆ ಆ ಹುಡುಗರಲ್ಲಿ ಒಬ್ಬನಿಗೆ ಫೋನ್ ಮಾಡುತ್ತೇನೆ. ಈಗ ಅವನು ಇಂಜಿನಿಯರ್.

ತೋಟದಮನೆ, ನವೆಂಬರ್ 2
ಸಸಿಹಿತ್ಲಿಗೆ ಹೋಗಿ ಬಂದೆ. ಮನೆ ಬಿಟ್ಟಿದ್ದು ರಾತ್ರಿ ಎರಡಕ್ಕೆ, ಸಂಪಾಜೆ ಇಳಿಯುವಾಗ ಮಂಜು. ದಕ್ಕೆಯಕ್ಕ ಹೇಳಿದ ಹಾಗೆ ಬೆಳಿಗ್ಗೆ, ಉಬ್ಬರ ಏರೋ ಹೊತ್ತು, ಹೊಟ್ಟೆ ಮೇಲೆ. ಮೊದಲ ಅರ್ಧ ಗಂಟೆ ಏನೂ ಬರಲಿಲ್ಲ, ಒಂದು ಏಡಿ ಬಂದು ನನ್ನ ಲೆನ್ಸ್ ಮುಚ್ಚಳ ಎಳೆಯೋಕೆ ನೋಡ್ತು. ಆಮೇಲೆ ಪ್ಲವರ್‌ಗಳು ಬಂದವು. ನಾಲ್ಕು ಹೆಜ್ಜೆ ಓಡೋದು, ಟಕ್ಕಂತ ನಿಲ್ಲೋದು, ಬಗ್ಗಿ ಕುಕ್ಕೋದು. ನಿಂತಾಗ ಒತ್ತಬೇಕು ಅಂತ ತಿಳಿಯೋಕೆ ಇನ್ನರ್ಧ ಗಂಟೆ ಹಿಡೀತು. 140ರಲ್ಲಿ 20 ಇಟ್ಟುಕೊಂಡೆ. ನೀರು ಸೊಂಟದವರೆಗೆ ಬಂದಿದ್ದು ಗೊತ್ತೇ ಆಗಲಿಲ್ಲ. ಒದ್ದೆ ಪ್ಯಾಂಟಲ್ಲಿ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆ, ಯಾರೂ ಏನೂ ಕೇಳಲಿಲ್ಲ.

ದಕ್ಕೆಯಕ್ಕ
ಕೇಳುವುದೆಂತ, ಇಲ್ಲಿ ಅರ್ಧ ಜನ ಒದ್ದೆಯೇ.

ನಾಪೋಕ್ಲುನರ್ಸ್
ಅಣ್ಣ, ಇಲ್ಲಿ ಮಾತ್ರ ಮಲಗೋ ಯೋಚನೆ ಬೇಡ, ಚಳಿಗೆ ಎದ್ದೇಳೋಕೆ ಆಗಲ್ಲ. ಥರ್ಮಲ್ ಎರಡು ಜೊತೆ. ಕ್ಯಾಮೆರಾವನ್ನ ಚಳಿಯಿಂದ ಬಿಸಿ ಕಾರಿನೊಳಗೆ ಹಾಗೇ ತರಬೇಡಿ, ಗಾಜಿನ ಮೇಲೆಲ್ಲ ನೀರು ಕೂರುತ್ತೆ. ಬ್ಯಾಗಿಗೆ ಹಾಕಿ ಜಿಪ್ ಎಳೆದು ಒಂದು ಗಂಟೆ ಬಿಡಿ.

ಬರಪೊಳೆ
ಅದಕ್ಕೆ ನಾವು ಹೆದರ್ತೀವಾ ಅಕ್ಕ? ಜೂನಿಂದ ಸೆಪ್ಟೆಂಬರ್ ನಮ್ಮ ಲೆನ್ಸಿಗೆ ಬೂಸ್ಟು ಹಿಡಿಯದ ಹಾಗೆ ನೋಡ್ಕೊಂಡವರಿಗೆ ಇಂಗ್ಲೆಂಡ್ ಯಾವ ಲೆಕ್ಕ. ನಮ್ಮಪ್ಪ ಕಪಾಟಿನೊಳಗೆ ಝೀರೋ ಬಲ್ಬ್ ಉರಿಸಿ ಕ್ಯಾಮೆರಾ ಪಕ್ಕದಲ್ಲೇ ಒಣಮೀನೂ ಇಡ್ತಿದ್ರು. ಕ್ಯಾಮೆರಾ ಉಳೀತು, ವಾಸನೆ ಹೋಗಿಲ್ಲ.

ತೋಟದಮನೆ, ನವೆಂಬರ್ 20
ನಿನ್ನೆ ಡೋನಾ ನೂಕ್‌ಗೆ ಹೋಗಿದ್ದೆವು. ನರ್ಸಮ್ಮನೂ ಬಂದಿದ್ರು, ಕಾಚಂಪುಳಿ ಒಡೆಯದೆ ಕೈ ಸೇರಿದೆ.

ನೋಡಿ, ನಾನು ಆ 600 ಲೆನ್ಸು, ಕಿಟ್ಟಿಯವರ ಕನ್ವರ್ಟರ್, ಟ್ರೈಪಾಡ್ ಎಲ್ಲ ಹೊತ್ತುಕೊಂಡು ಬೇಲಿ ಹತ್ರ ಹೋದೆ. ಒಂದು ಬಿಳಿ ಮರಿ ಬೇಲಿಗೆ ಒರಗಿಕೊಂಡೇ ಮಲಗಿತ್ತು. ನನ್ನ ಬೂಟಿಂದ ಅದಕ್ಕೆ ಒಂದು ಮಾರು ಇದ್ದಿರಬಹುದು. ನನ್ನ ಲೆನ್ಸು ಎರಡೂವರೆ ಮೀಟರ್ ಒಳಗೆ ಫೋಕಸ್ಸೇ ಮಾಡಲ್ಲ! ಹಿಂದೆ ಸರಿಯೋಣ ಅಂದ್ರೆ ಬೆನ್ನ ಹಿಂದೆ ಜನ. ಮೀಸೆ ಮೇಲೆ ಮರಳಿನ ಕಣ, ಕಣ್ಣ ಕೆಳಗೆ ನೀರು ಇಳಿದ ಒದ್ದೆ ಗೆರೆ, ಉಸಿರು ಬಿಟ್ಟಾಗ ಮೂಗಿನ ಹೊಳ್ಳೆ ಎರಡೂ ಪಟ್ಟಂತ ಮುಚ್ಚಿಕೊಳ್ಳುತ್ತೆ. ತಾಯಿ ಸ್ವಲ್ಪ ಆಚೆ ಮಲಗಿತ್ತು, ಒಂದು ಸಲ ನಮ್ಮ ಕಡೆ ತಲೆ ಎತ್ತಿತು. ನನ್ನ ಹೆಂಡ್ತಿ ನನ್ನ ಕೋಟು ಹಿಡಿದು ಹಿಂದಕ್ಕೆಳೆದು, “ಆನೆ ಹಂಗೇ ನೋಡ್ತು ನೋಡಿ” ಅಂದಳು. ಇಬ್ಬರೂ ಮುಂದೆ ಮೊಬೈಲ್ ಚಾಚಿ ನಿಂತಿದ್ದವರ ಹಿಂದೆ ಹೋಗಿ ನಿಂತೆವು. ಒಳ್ಳೇ ಫೋಟೋ ಅಂತ ಬಂದಿದ್ದು ಅವಳ ಫೋನಿನಲ್ಲಿ.

ನಾಪೋಕ್ಲುನರ್ಸ್
ಸಣ್ಣ ಲೆನ್ಸ್ ತನ್ನಿ ಅಂತ ಸೆಪ್ಟೆಂಬರಲ್ಲೇ ಬರೆದಿದ್ದೆ, ಯಾರೂ ಓದಲಿಲ್ಲ.

ಫ್ಲ್ಯಾಶ್‌ಕಿಟ್ಟಿ
ಓದಿದ್ದೆ ಮೇಡಂ. ಒಪ್ಪಿರಲಿಲ್ಲ.

ಗುರುಕ್ಲಿಕ್ಸ್
ಫೋನ್ ಯಾವ ಮಾಡೆಲ್ ಸಾರ್?

ಅರೇಬಿಕಾಸಂಕಟ
ತೋಟದಮನೆಯವರೇ, ಅದು ಬಿಡಿ. ನಿಮ್ಮ ಗದ್ದೆ ಕಡೆ ಬೇಲಿ ನಿನ್ನೆ ರಾತ್ರಿ ಆನೆ ಮುರಿದಿದೆಯಂತೆ, ಪೊನ್ನಂಪೇಟೆಯವರು ಹೇಳಿದ್ರು. ಮನೆಗೆ ಫೋನ್ ಮಾಡಿ.

ಹಾಕಿಕೋಲು
ಹೌದು ಮಾವ, ನಾನೇ ನೋಡಿ ಬಂದೆ. ಎರಡು ಬಾಳೆ ಹೋಗಿದೆ, ಕಾಫಿಗೆ ಏನೂ ಆಗಿಲ್ಲ. ಫೋಟೋ ತೆಗೆದಿಲ್ಲ, ಕತ್ತಲಿತ್ತು.